ಬೀರು ಬಡಗಿ ಕಟ್ಟಿದ ಕೋಳಿಮನೆ

ನನಗೆ ಸಂದಿ ಕಂಡರೆ ಆಗುವುದಿಲ್ಲ. ನಲವತ್ತೇಳು ವರ್ಷ ಬೀರು ಮಾಡಿಕೊಂಡು ಬಂದವನು ನಾನು. ಬಟ್ಟೆ ಬೀರು, ಪುಸ್ತಕದ ಬೀರು, ಔಷಧಿ ಅಂಗಡಿಯ ಗೋಡೆ ಪೂರ್ತಿ ಮುಚ್ಚುವ ಬೀರು, ಏನು ಬೇಕೋ ಕೇಳಿ. ನಾನು ಮಾಡಿದ ಬೀರಿನ ಎರಡು ಬಾಗಿಲು ಮುಚ್ಚಿದ ಮೇಲೆ ನಡುವೆ ಒಂದು ಕಾಗದ ತೂರಬಾರದು. ತೂರಿದರೆ ಅವತ್ತು ನನಗೆ ಊಟ ಸೇರುವುದಿಲ್ಲ. ಇದಕ್ಕೇ ಬೀದಿಯವರು ನನ್ನನ್ನು 'ಇಂಚುಪಟ್ಟಿ' ಎಂದು ಕರೆಯುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಸುಳ್ಳು. ತಪ್ಪು ಕೆಲಸ ಕಂಡಾಗ ಮಾತ್ರ ಬರುತ್ತದೆ. ಆದರೆ ಸುತ್ತಮುತ್ತ ನೋಡಿದರೆ ತಪ್ಪು ಕೆಲಸವೇ ಜಾಸ್ತಿ, ನಾನೇನು ಮಾಡಲಿ?

ಇಂಥ ನಾನು ಅರವತ್ತೊಂದನೇ ವಯಸ್ಸಿನಲ್ಲಿ ಕೋಳಿಮನೆ ಕಟ್ಟಲು ಹೊರಟೆ. ಅದೂ ಎರಡೇ ವಾರದಲ್ಲಿ. ಅತ್ತಿಗೆಗೋಸ್ಕರ.

ಅತ್ತಿಗೆಯ ಮನೆ ನಮ್ಮ ಮನೆಯ ಹಿಂದಿನ ಬೀದಿಯಲ್ಲಿದೆ. ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಒಂದು ಗೋಡೆ ಮಾತ್ರ. ಆರು ವರ್ಷದ ಕೆಳಗೆ ಅಣ್ಣ ತೀರಿಕೊಂಡಾಗ ಯಾರೋ ಅವರಿಗೆ ನಾಲ್ಕು ಕೋಳಿ ತಂದುಕೊಟ್ಟರು. ನಾಲ್ಕು ಹತ್ತಾಯಿತು, ಹತ್ತು ಮೂವತ್ತೆರಡಾಯಿತು. ಅವುಗಳ ಗೂಡು ಮಾತ್ರ ನಾಲ್ಕು ಕೋಳಿಯ ಕಾಲದ್ದೇ. ಹಳೇ ಕಿಟಕಿ ಬಾಗಿಲು, ತಗಡು, ಒಂದು ಮುರುಕು ಮಂಚ ಸೇರಿಸಿ ಅವರೇ ಮಾಡಿಕೊಂಡದ್ದು. ಎತ್ತರ ಎರಡೂವರೆ ಅಡಿ. ಪಕ್ಕಕ್ಕೆ ಪಕ್ಕಕ್ಕೆ ಇನ್ನಷ್ಟು ತಗಡು ಸೇರಿಸುತ್ತ ಹೋದರೇ ಹೊರತು ಮೇಲಕ್ಕೆ ಏರಿಸಲಿಲ್ಲ. ಮೊಟ್ಟೆ ಬೇಕೆಂದರೆ ಕೈಕಾಲು ಊರಿಕೊಂಡು ಒಳಗೆ ತೂರಬೇಕು. "ನಾನೊಂದು ಮಾಡಿಕೊಡ್ತೀನಿ ಅತ್ತಿಗೆ" ಎಂದು ಎಷ್ಟೋ ಸಲ ಹೇಳಿದ್ದೆ. "ಕೋಳಿಗೆ ನಿನ್ನ ಪಾಲಿಶು ಬೇಕಾ ಪುಟ್ಟ?" ಎಂದು ನಗುತ್ತಿದ್ದರು. ನನ್ನನ್ನು ಈಗಲೂ ಪುಟ್ಟ ಎನ್ನುವವರು ಈ ಲೋಕದಲ್ಲಿ ಅವರೊಬ್ಬರೇ. ನಾನು ಐದು ಅಡಿ ಹನ್ನೊಂದು ಇಂಚು ಇದ್ದೇನೆ.

ಒಂದು ಬೆಳಿಗ್ಗೆ ಕೋಳಿಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ನಾನು ಹಲ್ಲುಜ್ಜುತ್ತಿದ್ದವನು ಹಾಗೇ ಗೋಡೆ ಹತ್ತಿ ನೋಡಿದೆ. ಗೂಡಿನ ಬಾಯಲ್ಲಿ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಅತ್ತಿಗೆ ಹಿಕ್ಕೆಯ ಮೇಲೆ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ತಗಡು ಕಿತ್ತು ಅವರನ್ನು ಈಚೆಗೆ ಎಳೆದಾಗ ಒಂದು ಕೈಯಲ್ಲಿ ಮೊಟ್ಟೆ ಹಾಗೇ ಇತ್ತು. "ಒಡೀಲಿಲ್ಲ ನೋಡು" ಎಂದರು. ನನಗೆ ಅಳಬೇಕೋ ಬಯ್ಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಿಸಿದರು. ಅಣ್ಣನ ಮಗಳು ಮೂರು ವಾರ ರಜೆ ಹಾಕಿ ಬಂದಳು. ಅವಳಿಗೆ ದೂರದ ಬಸ್ ಡಿಪೋದಲ್ಲಿ ಕೆಲಸ. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು ಎಂದು ಪಟ್ಟಿ ಹಾಕುವವಳು. ಅವಳ ಬಾಯಿಂದ ಮಾತೂ ಹಾಗೇ, ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಹೊರಟ ಮೇಲೆ ನಿಲ್ಲುವುದಿಲ್ಲ.

"ಕೋಳಿ ಎಲ್ಲಾ ಸಾಗಹಾಕ್ತೀನಿ ಚಿಕ್ಕಪ್ಪ" ಎಂದಳು, ಆಸ್ಪತ್ರೆಯ ಮೆಟ್ಟಿಲ ಮೇಲೆ. "ಅಮ್ಮ ಮನೆಗೆ ಬಂದ್ರೆ ಮಾರನೇ ದಿನವೇ ಅದರೊಳಗೆ ತೂರ್ತಾರೆ. ನನಗೆ ಗೊತ್ತು, ನಿಮಗೂ ಗೊತ್ತು."

ನನಗೆ ಗೊತ್ತಿತ್ತು. ಮೇಲೆ ವಾರ್ಡಿಗೆ ಹೋದೆ. ಅತ್ತಿಗೆ ಕಾಲಿನ ಸುದ್ದಿ ಎತ್ತಲಿಲ್ಲ. "ಅವು ತಿಂದ್ವಾ?" ಎಂದರು. ತಿಂದವು ಎಂದೆ. ಆಮೇಲೆ ಕಿಟಕಿಯ ಕಡೆ ತಿರುಗಿದರು. ಮಗಳು ಅವರಿಗೂ ಹೇಳಿಬಿಟ್ಟಿದ್ದಳು ಎಂದು ಕಾಣುತ್ತದೆ.

"ಅವಳು ಹೇಳೋದ್ರಲ್ಲಿ ತಪ್ಪಿಲ್ಲ ಪುಟ್ಟ. ಆದ್ರೆ ನಿಮ್ಮಣ್ಣ ಹೋದ್ಮೇಲೆ ನಾನು ಬೆಳಿಗ್ಗೆ ಎದ್ದಿದ್ದು ಅವುಗಳಿಗೋಸ್ಕರವೇ. ಬಾಗಿಲು ತೆಗೀಬೇಕಲ್ಲ ಅಂತ ಏಳ್ತಿದ್ದೆ. ಇನ್ಮೇಲೆ ಯಾಕೆ ಏಳೋದು ಅಂತ ಯೋಚನೆ ಮಾಡ್ತಾ ಮಲಗಿದೀನಿ."

ಅಷ್ಟೇ ಹೇಳಿದ್ದು. ಅತ್ತಿಗೆ ಯಾವತ್ತೂ ಏನನ್ನೂ ಕೇಳಿದವರಲ್ಲ. ನಾನು ದಡದಡ ಕೆಳಗಿಳಿದು ಬಂದು ಅಣ್ಣನ ಮಗಳ ಎದುರು ನಿಂತೆ. ನಾನೇ ಕಟ್ಟುತ್ತೇನೆ, ಅವರು ನಿಂತೇ ಕೆಲಸ ಮಾಡುವಂಥ ದೊಡ್ಡ ಕೋಳಿಮನೆ ಎಂದೆ. ಅವಳು ಚೀಲದಿಂದ ಡಾಕ್ಟರ ಚೀಟಿ ತೆಗೆದು ನನ್ನ ಕೈಗಿಟ್ಟಳು.

"ಓದಿ. ಬಗ್ಗಬಾರದು. ಕುಕ್ಕರಗಾಲಲ್ಲಿ ಕೂರಬಾರದು. ಸ್ಟೂಲ್ ಹತ್ತಬಾರದು. ತುದಿಗಾಲಲ್ಲಿ ನಿಲ್ಲಬಾರದು. ಇದ್ರಲ್ಲಿ ಒಂದೂ ಮಾಡದೆ ಅಮ್ಮ ಮೊಟ್ಟೆ ತೆಗೀಬೇಕು. ತೆಗೆದು ತೋರಿಸಿದ್ರೆ ಕೋಳಿ ಇರಲಿ. ಇಲ್ಲ ಅಂದ್ರೆ ಇಲ್ಲ. ನಾನು ಭಾನುವಾರ ವಾಪಸ್ ಹೊರಡ್ತೀನಿ. ಹಿಂದಿನ ದಿನ, ಶನಿವಾರ ಸಂಜೆ ಐದಕ್ಕೆ, ಕೋಳಿ ಕೊಳ್ಳೋ ಬುಟ್ಟಿಯವನಿಗೆ ಬರೋಕೆ ಹೇಳಿರ್ತೀನಿ."

"ಅವನು ಖಾಲಿ ಬುಟ್ಟಿ ಹೊತ್ಕೊಂಡು ಹೋಗ್ತಾನೆ" ಎಂದೆ. ಮಾತಿಗೇನು, ಬಾಯಿಗೆ ಬಂದದ್ದು ಹೇಳಿಬಿಡಬಹುದು. ನನಗೆ ಕೋಳಿಯ ವಿಷಯ ಗೊತ್ತಿದ್ದದ್ದು ಮೊಟ್ಟೆಯ ಆಕಾರ ಒಂದೇ.

ಹಾಗಾಗಿ ದಿನಾ ಮಧ್ಯಾಹ್ನ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಅತ್ತಿಗೆಯಿಂದ ಪಾಠ ಹೇಳಿಸಿಕೊಂಡೆ. ಕಂದು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಒಂದು ಕೋಳಿಗೆ ಒಳಗೆ ನಾಲ್ಕು ಚದರ ಅಡಿ ಜಾಗವಾದರೂ ಬೇಕು. ಮೂವತ್ತೆರಡಕ್ಕೆ ನೂರಿಪ್ಪತ್ತೆಂಟು. ಎಂಟು ಅಡಿ ಅಗಲ, ಹದಿನಾರು ಅಡಿ ಉದ್ದ ಎಂದು ಗೆರೆ ಎಳೆದೆ. ಹೊರಗೆ ಅಡ್ಡಾಡಲು ಜಾಲರಿ ಕಟ್ಟಿದ ಅಂಗಳ ಇದರ ಎರಡೂವರೆ ಪಟ್ಟು. ಜಾಲರಿಯನ್ನು ನೆಲದೊಳಗೆ ಒಂದು ಅಡಿ ಹೂಳಬೇಕು, ಇಲ್ಲದಿದ್ದರೆ ಹೆಗ್ಗಣ ಅಡಿಯಿಂದ ಕೊರೆದುಕೊಂಡು ಬರುತ್ತದೆ. ಮಲಗುವ ಕೋಲುಗಳನ್ನು ನಾನು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಬರೆದಿದ್ದೆ, ನೋಡಲು ಚೆನ್ನಾಗಿರುತ್ತದೆ ಎಂದು.

"ಅಯ್ಯೋ, ಬೇಡಪ್ಪ" ಎಂದರು ಅತ್ತಿಗೆ. "ಮೇಲಿನ ಕೋಲಿಗೆ ದಿನಾ ಸಂಜೆ ಜಗಳ ಆಗುತ್ತೆ. ಎಲ್ಲರಿಗೂ ಒಂದೇ ಎತ್ತರ ಮಾಡು. ಯಾರೂ ದೊಡ್ಡೋರಲ್ಲ, ಯಾರೂ ಚಿಕ್ಕೋರಲ್ಲ. ಮೊಟ್ಟೆ ಗೂಡು ಮಾತ್ರ ಕೋಲಿಗಿಂತ ಕೆಳಗಿರ್ಲಿ. ಮೇಲಿದ್ರೆ ಅದರಲ್ಲೇ ಮಲಗಿ ಗಲೀಜು ಮಾಡ್ತಾವೆ."

"ಎಷ್ಟು ಗೂಡು ಬೇಕು?"

"ನಾಲ್ಕಕ್ಕೊಂದು ಸಾಕು. ಎಂಟು ಮಾಡು. ಎಂಟು ಮಾಡಿದ್ರೂ ಎಲ್ಲವೂ ಒಂದರಲ್ಲೇ ನುಗ್ತಾವೆ, ಅದು ಬೇರೆ ಮಾತು."

ಎಂಟು ಗೂಡುಗಳನ್ನು ಒಂದೇ ಉದ್ದನೆಯ ಪೆಟ್ಟಿಗೆಯಾಗಿ ಮಾಡಿ, ಅದು ಗೋಡೆಯಿಂದ ಹೊರಕ್ಕೆ ಚಾಚಿರುವಂತೆ ಕೂರಿಸುವುದೆಂದು ಯೋಚಿಸಿದೆ. ಕೋಳಿ ಒಳಗಿನಿಂದ ಬಂದು ಮೊಟ್ಟೆ ಇಡುತ್ತದೆ. ಅತ್ತಿಗೆ ಹೊರಗೆ ನಿಂತು ಮುಚ್ಚಳ ಎತ್ತಿ ಮೊಟ್ಟೆ ತೆಗೆಯುತ್ತಾರೆ. ಒಳಗೆ ಕಾಲೇ ಇಡಬೇಕಿಲ್ಲ. ಇದು ನನ್ನದೇ ತಲೆಯಿಂದ ಬಂದದ್ದೆಂದು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ. ಎಲ್ಲರೂ ಹೀಗೇ ಮಾಡುತ್ತಾರಂತೆ, ಆಮೇಲೆ ಗೊತ್ತಾಯಿತು.

"ಪೆಟ್ಟಿಗೆ ಎಷ್ಟು ಎತ್ತರದಲ್ಲಿರುತ್ತೆ?" ಎಂದು ಕೇಳಿದರು.

"ನೀವು ನಿಂತ ಹಾಗೇ ಕೈ ಹಾಕೋ ಎತ್ತರದಲ್ಲಿ."

"ಸರಿ ಹಾಗಾದ್ರೆ" ಎಂದು ಕಣ್ಣು ಮುಚ್ಚಿಕೊಂಡರು. ಕನ್ನಡಕ ಮನೆಯಲ್ಲಿತ್ತು, ನಕ್ಷೆಯ ಅಂಕಿಗಳನ್ನು ಅವರು ನೋಡಲಿಲ್ಲ. ನಾನು ಪೆಟ್ಟಿಗೆಯ ಅಂಚಿಗೆ ನಾಲ್ಕೂಕಾಲು ಅಡಿ ಎಂದು ಬರೆದುಕೊಂಡೆ. ಅದನ್ನು ಯೋಚಿಸಿ ಬರೆಯಬೇಕಾಗಿಯೂ ಬರಲಿಲ್ಲ, ಪೆನ್ಸಿಲ್ ತಾನೇ ಬರೆಯಿತು.

ಹನ್ನೊಂದು ದಿನ ಕೆಲಸ ಮಾಡಿದೆ. ನೆಲಕ್ಕೆ ಇಟ್ಟಿಗೆ ಹಾಸಿದೆ. ಕೋಲುಗಳ ಮೂಲೆ ಉಜ್ಜಿ ಗುಂಡಗೆ ಮಾಡಿದೆ, ಕೋಳಿಯ ಕಾಲಿಗೆ ಹಿಡಿತ ಸಿಗಲಿ ಎಂದು. ಗೋಡೆಯ ಹಲಗೆಗಳನ್ನು ಒಂದರೊಳಗೊಂದು ಕೂರುವ ಹಾಗೆ ಅಂಚಿನಲ್ಲಿ ತೋಡು ಕೊರೆದು ಜೋಡಿಸಿದೆ. ಒಂದು ಮೊಳೆ ಕಾಣಿಸಲಿಲ್ಲ. ಬಾಗಿಲು ಆರೂವರೆ ಅಡಿ. ಚಿಲಕ ಒಂದು ಬೆರಳಲ್ಲಿ ಸರಿಯುತ್ತಿತ್ತು. ಮೇಲೆ ಇಳಿಜಾರು ಮಾಡು ಹೊದಿಸಿದೆ, ಮಾಡಿನ ಅಂಚಿಗೂ ಗೋಡೆಗೂ ನಡುವೆ ಒಂದು ಕೂದಲಿನಷ್ಟು ಜಾಗವಿಲ್ಲ. ಒಳಗೆ ನಿಂತು ಬಾಗಿಲು ಹಾಕಿಕೊಂಡೆ. ಕಗ್ಗತ್ತಲೆ. ಎಲ್ಲಿಂದಲೂ ಒಂದು ಎಳೆ ಬೆಳಕು ಬರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಬೀರು ಮಾಡಿರಲಿಲ್ಲ. ಅವತ್ತು ಊಟ ಸೇರಿತು, ಎರಡು ಸಲ ಬಡಿಸಿಕೊಂಡೆ.

ಬುಧವಾರ ಸಂಜೆ ಮೂವತ್ತೆರಡು ಕೋಳಿಗಳನ್ನೂ ಒಳಗೆ ಬಿಟ್ಟೆವು. ಗುರುವಾರ ಬೆಳಿಗ್ಗೆ ಬಾಗಿಲು ತೆಗೆದವನ ಕಣ್ಣಲ್ಲಿ ನೀರು ಬಂತು. ಭಾವುಕತೆಯಿಂದ ಅಲ್ಲ. ಒಳಗಿನ ಗಬ್ಬು ಮೂಗಿಗೆ ಹೊಡೆದು ಕಣ್ಣು ಉರಿಯಿತು. ಮಾಡಿನ ಒಳಮೈಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಕೋಳಿಗಳು ನನ್ನನ್ನು ತಳ್ಳಿಕೊಂಡು ಈಚೆಗೆ ಬಂದವು. ಒಂದು ಬಿಳಿ ಕೋಳಿ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತ ಮೂಲೆಯಲ್ಲೇ ಕೂತಿತ್ತು. ಬುಟ್ಟಿಯವನು ಬರುವ ತನಕ ಕಾಯಬೇಕಾಗಿಯೇ ಇಲ್ಲ, ನಾನೇ ಎಲ್ಲವನ್ನೂ ಮುಗಿಸುತ್ತೇನೆ ಎನಿಸಿತು.

ಪಶುವೈದ್ಯೆ ಸ್ಕೂಟರಿನಲ್ಲಿ ಬಂದರು. ಸಣ್ಣ ವಯಸ್ಸಿನ ಹೆಣ್ಣುಮಗಳು. ಬಿಳಿ ಕೋಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಒಳಗೆ ಹೋಗಿ, ಗೋಡೆಯನ್ನು ಸವರಿ, ಮಾಡನ್ನು ನೋಡಿ, ಈಚೆಗೆ ಬಂದು ಜೋರಾಗಿ ನಕ್ಕುಬಿಟ್ಟರು.

"ಏನ್ ಕೆಲಸ ರೀ ಇದು! ಇಷ್ಟು ಚೆನ್ನಾಗಿ ಯಾರೂ ಕಟ್ಟಿದ್ದು ನಾನು ನೋಡಿಲ್ಲ. ಆದ್ರೆ ಇದರಲ್ಲಿ ಬಟ್ಟೆ ಇಡಬಹುದು, ಕೋಳಿ ಇಡೋಕಾಗಲ್ಲ. ಮೂವತ್ತೆರಡು ಜೀವ ರಾತ್ರಿಯೆಲ್ಲ ಉಸಿರು ಬಿಡ್ತಾವೆ, ಹಿಕ್ಕೆ ಹಾಕ್ತಾವೆ. ಆ ಹಬೆ ಎಲ್ಲಿಗೆ ಹೋಗ್ಬೇಕು ಹೇಳಿ?"

"ಗಾಳಿ ಹೊಡೆದ್ರೆ ಚಳಿ ಆಗಲ್ವಾ ಅವಕ್ಕೆ?"

"ಮೈಗೆ ಹೊಡೀಬಾರದು, ತಲೆ ಮೇಲೆ ಹಾದು ಹೋಗ್ಬೇಕು. ಮಾಡಿನ ಕೆಳಗೆ ಎರಡೂ ಕಡೆ, ಉದ್ದಕ್ಕೂ, ಒಂದು ಗೇಣು ಬಿಡಿ. ಜಾಲರಿ ಹೊಡೀರಿ. ಅಷ್ಟೇ."

ಅಷ್ಟೇ ಅಂತೆ! ಒಂದು ಗೇಣು! ನಲವತ್ತೇಳು ವರ್ಷ ಒಂದು ಕೂದಲಿಗೆ ಹೊಡೆದಾಡಿದವನಿಗೆ ಒಂದು ಗೇಣು ಸಂದಿ ಬಿಡಲು ಹೇಳಿ ಆಕೆ ಸ್ಕೂಟರ್ ಹತ್ತಿದರು. ನಾನು ಗರಗಸ ಹಿಡಿದು ನನ್ನದೇ ಜೋಡಣೆಯ ಮೇಲೆ ಇಟ್ಟೆ. ಹಲ್ಲು ಕಚ್ಚಿಕೊಂಡು ಮೂವತ್ತೆರಡು ಅಡಿ ಕೊಯ್ದೆ. ಶುಕ್ರವಾರ ಬೆಳಿಗ್ಗೆ ಒಳಗೆ ಹೋದರೆ ಗೋಡೆ ಒಣಗಿತ್ತು, ಬಿಳಿ ಕೋಳಿ ಕೋಲಿನ ಮೇಲೆ ಕೂತು ನನ್ನನ್ನು ಕೊಕ್ ಎಂದು ಗದರಿಸಿತು. ಆ ವೈದ್ಯೆಯನ್ನು ನಾನು ಮನಸ್ಸಿನಲ್ಲಿ ಬೈದುಕೊಂಡದ್ದಕ್ಕೆಲ್ಲ ಕ್ಷಮೆ ಕೇಳುತ್ತೇನೆ. ಅವರು ಅವತ್ತು ನಕ್ಕು ಹೇಳದೆ ಹೋಗಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಶುಕ್ರವಾರ ಸಂಜೆ ಅತ್ತಿಗೆಯನ್ನು ಕಾರಿನಲ್ಲಿ ಕರೆತಂದು ಮಲಗಿಸಿದರು. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಪರೀಕ್ಷೆ.

ಮಗಳು ಮುಂದೆ, ವಾಕರ್ ಹಿಡಿದುಕೊಂಡು ಅತ್ತಿಗೆ ನಡುವೆ, ನಾನು ಹಿಂದೆ. ಅತ್ತಿಗೆ ಕೋಳಿಮನೆಯನ್ನು ನೋಡಿ ನಿಂತುಬಿಟ್ಟರು. ಹಲಗೆಯ ಮೇಲೆ ಕೈಯಾಡಿಸಿದರು. "ಇದು ಕೋಳಿಗಾ ಪುಟ್ಟ? ನಾನೇ ಬಂದು ಇದ್ದುಬಿಡ್ತೀನಿ" ಎಂದರು. ಜಾಲರಿಯ ಹಿಂದಿನಿಂದ ಅವರ ದನಿ ಕೇಳಿ ಮೂವತ್ತೆರಡೂ ಓಡಿ ಬಂದವು. ಅತ್ತಿಗೆಯ ಮುಖ ನೋಡಬೇಕಿತ್ತು ನೀವು. ಅಷ್ಟು ಸಾಕಾಗಿತ್ತು ನನಗೆ, ಅಲ್ಲಿಗೇ ಪರೀಕ್ಷೆ ಮುಗಿದಿದ್ದರೆ.

ಅವರು ಮೊಟ್ಟೆ ಪೆಟ್ಟಿಗೆಯ ಮುಂದೆ ಬಂದು ನಿಂತರು. ಪೆಟ್ಟಿಗೆಯ ಅಂಚು ಅವರ ಕಣ್ಣಿನ ಮಟ್ಟಕ್ಕಿತ್ತು.

ಅತ್ತಿಗೆ ಕೈ ಎತ್ತಿ ಮುಚ್ಚಳ ತೆರೆದರು. ಒಳಗೇನಿದೆ ಅವರಿಗೆ ಕಾಣದು. ತೋಳನ್ನು ಅಂಚಿನ ಮೇಲಿಂದ ಇಳಿಬಿಟ್ಟು ಹುಡುಕಿದರು. ಮೊಟ್ಟೆ ಇದ್ದದ್ದು ಹಿಂದಿನ ಮೂಲೆಯಲ್ಲಿ. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದು ಅವರ ಹಿಮ್ಮಡಿ ನೆಲ ಬಿಟ್ಟು ಏಳತೊಡಗಿತು.

"ಅಮ್ಮಾ!" ಎಂದು ಮಗಳು ಕಿರುಚಿ ಭುಜ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿಗಿಂತ ಹೆಚ್ಚಾಗಿ ಬೇಜಾರಿತ್ತು ಆ ಮುಖದಲ್ಲಿ. ನಾನು ಗೆಲ್ಲಲಿ ಎಂದು ಅವಳಿಗೂ ಆಸೆಯಿತ್ತು ಎಂದು ನನಗೆ ಗೊತ್ತಾದದ್ದೇ ಆಗ.

"ಚಿಕ್ಕಪ್ಪ, ಇದು ಯಾರ ಅಳತೆ?"

"ಅತ್ತಿಗೇದೇ."

"ಯಾವಾಗ ತಗೊಂಡ್ರಿ?"

ಕೋಳಿಯ ಕಾಲಿನ ದಪ್ಪ ಅಳೆದಿದ್ದೆ. ಹೆಗ್ಗಣದ ತಲೆ ಎಷ್ಟು ಅಗಲ ಎಂದು ವಿಚಾರಿಸಿ ಜಾಲರಿ ತಂದಿದ್ದೆ. ಯಾರ ಸಲುವಾಗಿ ಇಷ್ಟೆಲ್ಲವೋ ಅವರಿಗೆ ಒಂದು ಸಲ ಟೇಪು ಹಿಡಿದಿರಲಿಲ್ಲ. ಅಳೆಯಬೇಕು ಎಂದು ಹೊಳೆಯಲೇ ಇಲ್ಲ. ಸ್ವಂತ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಬೇಕೋ ಬೇಡವೋ ಎಂದು ಯಾರಾದರೂ ಅಳೆದು ನೋಡುತ್ತಾರೆಯೇ? ಅತ್ತಿಗೆ ಎತ್ತರ. ಅದು ನನಗೆ ಗೊತ್ತಿದ್ದ ಸಂಗತಿ.

"ಅವರು ಎತ್ತರ ಅಂತ..." ಎಂದು ಶುರು ಮಾಡಿದೆ.

"ಅಮ್ಮ? ಎತ್ತರ? ನಾಲ್ಕು ಅಡಿ ಎಂಟು ಇಂಚು, ಚಿಕ್ಕಪ್ಪ! ನಿಮ್ಮ ಎದೆಗೆ ಬರ್ತಾರೆ. ಐವತ್ತು ವರ್ಷದಿಂದ ನೋಡ್ತಿದ್ದೀರಲ್ಲ!"

ನೋಡುತ್ತಿದ್ದೆ, ಹೌದು. ಹೇಗೆ ನೋಡುತ್ತಿದ್ದೆ ಎನ್ನುವುದು ಆ ಕೋಳಿಮನೆಯ ಮುಂದೆ ನಿಂತಾಗ ಹೊಳೆಯಿತು, ಹೊಳೆದದ್ದನ್ನು ಹಾಗೇ ಹೇಳಿದೆ. ನನಗೆ ಏಳು ವರ್ಷವಿದ್ದಾಗ ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ಹೋದರು. ಅಣ್ಣನದು ಬೇರೆ ಊರಲ್ಲಿ ಮನೆ, ಮದುವೆಯಾಗಿ ಮೂರು ತಿಂಗಳು. ಹುಡುಗನನ್ನು ಹಾಸ್ಟೆಲಿಗೆ ಹಾಕಿ ಎಂದು ನೆಂಟರೆಲ್ಲ ಹೇಳಿದರು. "ಅವನು ಇಲ್ಲೇ ಇರ್ತಾನೆ" ಎಂದವರು ಅತ್ತಿಗೆ, ಆಗ ಅವರಿಗೆ ಹತ್ತೊಂಬತ್ತು. ನಾನು ಅವರ ಕಾಲ ಬಳಿ ಕೂತು ತಲೆ ಎತ್ತಿ ಆ ಮಾತು ಕೇಳಿದೆ. ಹದಿನಾಲ್ಕಕ್ಕೆ ಶಾಲೆ ಕೈಕೊಟ್ಟಾಗ ನನ್ನನ್ನು ಬಡಗಿ ಮೇಷ್ಟ್ರ ಶೆಡ್ಡಿಗೆ ಕರೆದೊಯ್ದು, ಮೇಷ್ಟ್ರು ಹೂಂ ಎನ್ನುವವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಅಲ್ಲೇ ಹಲಗೆ ರಾಶಿಯ ಮೇಲೆ ಮುದುರಿ ಕೂತು ಅವರನ್ನು ನೋಡುತ್ತಿದ್ದೆ. ಆಮೇಲೆ ನಾನು ಬೆಳೆದೆ, ಮದುವೆಯಾದೆ, ಬೇರೆ ಮನೆ ಮಾಡಿದೆ. ಆದರೆ ಅವರ ಮನೆಯ ಹೊಸ್ತಿಲು ದಾಟಿದ ಕೂಡಲೇ ಅವರು ಹೇಳುವ ಮೊದಲ ಮಾತು "ಕೂತ್ಕೋ." ಕೂತರೆ ತಟ್ಟೆ ಬರುತ್ತದೆ. ಅವರು ನಿಂತು ಬಡಿಸುತ್ತಾರೆ, ನಾನು ಕೂತು ತಲೆ ಎತ್ತಿ ನೋಡುತ್ತೇನೆ. ಐವತ್ತನಾಲ್ಕು ವರ್ಷ ಹೀಗೇ. ಅವರ ಪಕ್ಕ ನೆಟ್ಟಗೆ ನಿಂತ ನೆನಪೇ ನನಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದೆ. ಅತ್ತಿಗೆ ವಾಕರ್ ಹಿಡಿದುಕೊಂಡು ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ಎಷ್ಟು ಕತ್ತೆತ್ತಬೇಕಾಗಿತ್ತು ಅವರು! ಅಣ್ಣನ ಮಗಳು ಎತ್ತಲೋ ನೋಡುತ್ತ ಮೂಗು ಒರೆಸಿಕೊಂಡಳು. ಆಮೇಲೆ ಗಡಿಯಾರ ನೋಡಿದಳು.

"ಐದು ಗಂಟೆಗೆ ಆರೂಮುಕ್ಕಾಲು ಗಂಟೆ ಇದೆ. ಆಗುತ್ತಾ?"

"ಇನ್ನೊಂದು ಕೈ ಬೇಕು. ಪೆಟ್ಟಿಗೆ ಎಂಟಡಿ ಇದೆ, ಒಬ್ಬನಿಗೆ ಹಿಡಿಯೋಕಾಗಲ್ಲ."

ಅವಳು ಚಪ್ಪಲಿ ಬಿಟ್ಟು ತೋಳು ಮಡಚಿದಳು.

ಮೊದಲು ಅತ್ತಿಗೆಗೆ ಟೇಪು ಹಿಡಿದೆ. ಒಂದು ತುದಿಯನ್ನು ಅವರ ಹಿಮ್ಮಡಿಯ ಪಕ್ಕ ಇಟ್ಟು ಮಂಡಿಯೂರಿ, ಮೇಲಕ್ಕೆ ಎಳೆದೆ. ನೆಲದಿಂದ ಮೊಣಕೈಗೆ ಮೂವತ್ತೈದು ಇಂಚು. ನಂಬಿಕೆ ಬರದೆ ಇನ್ನೊಂದು ಸಲ ಅಳೆದೆ. "ಎರಡು ಸಲ ಅಳೆದ್ರೆ ಬೆಳೀತೀನಾ?" ಎಂದರು ಅತ್ತಿಗೆ. ಮೂವತ್ತೈದೇ. ಇಷ್ಟು ಚಿಕ್ಕ ಮೈಯಲ್ಲಿ ಅಷ್ಟು ಜನ ನೆಂಟರ ಎದುರು ನಿಂತು ಆ ಮಾತು ಹೇಳಿದರಲ್ಲ ಎಂದುಕೊಂಡು ಟೇಪು ಸುತ್ತಿದೆ.

ಮತ್ತೆ ಗರಗಸ. ಅಂಟು ಹಾಕಿ ಕಚ್ಚಿಸಿದ್ದ ಪೆಟ್ಟಿಗೆಯನ್ನು ಗೋಡೆಯಿಂದ ಕೊಯ್ದು ತೆಗೆದೆವು. ಹದಿನಾರು ಇಂಚು ಕೆಳಗೆ ಹೊಸ ಕಂಡಿ ತೆರೆದೆವು, ಹಳೇ ಕಂಡಿಗೆ ಹಲಗೆ ತೇಪೆ ಹಾಕಿದೆವು. ಬಸ್ ಪಟ್ಟಿ ಬರೆಯುವವಳು ಎಂದು ಅಣ್ಣನ ಮಗಳನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮಟ್ಟ ನೋಡುವ ಪಟ್ಟಿಯ ಗುಳ್ಳೆಯ ಮೇಲೆ ಕಣ್ಣು ನೆಟ್ಟು "ಎಡಗಡೆ ಒಂದು ಚೂರು ಎತ್ತಿ, ಸಾಕು, ಸಾಕು ಅಂದ್ನಲ್ಲ!" ಎಂದು ನನ್ನನ್ನೇ ಗದರಿಸಿದಳು. ತೇಪೆಯ ಸುತ್ತ ಸಂದಿ ಉಳಿಯಿತು. ಕಾಗದವಲ್ಲ, ಬೆರಳೇ ತೂರುತ್ತಿತ್ತು. ಮುಚ್ಚಲು ಹೊತ್ತಿರಲಿಲ್ಲ. ಅದರ ಮೇಲೊಂದು ಪಟ್ಟಿ ಬಡಿದು, ಮೊಳೆಯ ತಲೆ ಕಾಣುತ್ತಿದ್ದರೂ ಹಾಗೇ ಬಿಟ್ಟೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಅತ್ತಿಗೆ ಮತ್ತೆ ಬಂದರು. ಮಗಳು ಒಂದು ಮೊಟ್ಟೆಯನ್ನು ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿ, ಹುಲ್ಲಿನ ಒಳಗೆ ಬೇಕೆಂದೇ ಹುದುಗಿಸಿಟ್ಟಳು. ಆಮೇಲೆ ನೆಲಕ್ಕೆ ಕೆನ್ನೆ ಹಚ್ಚುವಷ್ಟು ಬಗ್ಗಿ ತಾಯಿಯ ಹಿಮ್ಮಡಿಗಳನ್ನೇ ನೋಡುತ್ತ ಕೂತಳು. ಅತ್ತಿಗೆ ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದರಲ್ಲಿ ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದರು. ಒಳಗೆ ಕಣ್ಣಾಡಿಸಿದರು. ಕೈ ಹಾಕಿ ಹುಲ್ಲು ಸರಿಸಿ ಮೊಟ್ಟೆ ತೆಗೆದರು.

"ಏಳ್ಲಿಲ್ಲ" ಎಂದಳು ಮಗಳು ನೆಲದಿಂದಲೇ. "ಒಂಚೂರೂ ಏಳ್ಲಿಲ್ಲ. ಇನ್ನೊಂದು ಸಲ ಮಾಡಮ್ಮ."

ಎಂಟು ಗೂಡಿಗೂ ಎಂಟು ಸಲ ಮಾಡಿಸಿದಳು. ಎಂಟನೆಯದು ಮುಗಿಯುವ ಹೊತ್ತಿಗೆ ಗೇಟಿನ ಬಳಿ ಬುಟ್ಟಿಯವನ ಸೈಕಲ್ ಬೆಲ್ ಕೇಳಿಸಿತು. ಮಗಳು ಎದ್ದು ಕೆನ್ನೆಯ ಮಣ್ಣು ಒರೆಸಿಕೊಂಡು ಹೋದಳು. ಅವಳು ಅವನಿಗೆ ಏನು ಹೇಳಿದಳೋ, ಅವನು ಗೊಣಗಿದ್ದು ಕೇಳಿಸಿತು. ಪಾಪ, ದೂರದಿಂದ ಬಂದವನು ಎಂದು ಅತ್ತಿಗೆ ಅವನಿಗೆ ಒಂದು ಡಜನ್ ಮೊಟ್ಟೆ ಕಟ್ಟಿಸಿದರು.

ಹಿತ್ತಿಲಲ್ಲಿ ನಾವಿಬ್ಬರೇ ಉಳಿದೆವು. ಕೋಳಿಗಳು ಒಂದೊಂದಾಗಿ ಒಳಗೆ ಹೋಗಿ ಕೋಲು ಹತ್ತುತ್ತಿದ್ದವು. ನಾನು ಅತ್ತಿಗೆಯ ಪಕ್ಕ ನೆಟ್ಟಗೆ ನಿಂತೆ. ನಿಜ, ಅವರ ನೆತ್ತಿ ನನ್ನ ಎದೆಗೆ ಬರುತ್ತಿತ್ತು.

"ಅತ್ತಿಗೆ, ನೀವು ನನ್ನನ್ನ ಹಾಸ್ಟೆಲ್‌ಗೆ ಕಳಿಸ್ಲಿಲ್ಲ."

"ಅದಕ್ಕೀಗ ಏನಾಯ್ತು?"

"ಏನಿಲ್ಲ. ನಿಮ್ಮಿಂದ ನಾನು ಮನುಷ್ಯನಾದೆ. ಒಂದು ಸಲವೂ ಹೇಳಿರಲಿಲ್ಲ."

ಅವರು ಕೈಯಲ್ಲಿದ್ದ ಮೊಟ್ಟೆಯನ್ನು ಸೆರಗಲ್ಲಿ ಒರೆಸಿದರು.

"ನಾನೂ ಒಂದು ಹೇಳಿಲ್ಲ ಪುಟ್ಟ. ಮದುವೆಯಾದ ಹೊಸದು. ನಿಮ್ಮಣ್ಣ ಬೆಳಿಗ್ಗೆ ಹೋದ್ರೆ ಸಂಜೆ ಬರೋರು, ಬಂದ್ರೆ ಮಾತಿಲ್ಲ. ಆ ಮನೇಲಿ ನಂಗೆ ಉಸಿರು ಕಟ್ತಿತ್ತು. ನೀನು ಬಂದು ನಾಲ್ಕು ದಿನ ಆಗಿತ್ತು. ತೌರಿಗೆ ಹೋಗಿಬಿಡೋಣ, ವಾಪಸ್ ಬರೋದೇ ಬೇಡ ಅಂತ ಪೆಟ್ಟಿಗೆ ಕಟ್ಟಿ ಬಾಗಿಲಿಗೆ ಬಂದೆ. ನೀನು ಹೊಸ್ತಿಲ ಮೇಲೆ ಕೂತಿದ್ದೆ. ಎಲ್ಲಿಗೆ, ಯಾಕೆ ಅಂತ ಕೇಳ್ಲಿಲ್ಲ. ಎದ್ದು ನಿಂತು ಪೆಟ್ಟಿಗೆಯ ಇನ್ನೊಂದು ಕಡೆ ಹಿಡಿ ಹಿಡ್ಕೊಂಡೆ. ನಿನ್ನ ಕೈಲಿ ಅದು ಏಳ್ತಾನೂ ಇರಲಿಲ್ಲ. ಆದ್ರೂ ಹಿಡ್ಕೊಂಡು, 'ನಡೀರಿ' ಅಂದೆ."

"ನಂಗೆ ನೆನಪಿಲ್ಲ."

"ನಿಂಗೆ ಹೇಗಿರುತ್ತೆ? ನಾನು ಪೆಟ್ಟಿಗೆ ಒಳಗೆ ತಗೊಂಡು ಹೋಗಿ ಬಟ್ಟೆ ಮತ್ತೆ ಗೂಟಕ್ಕೆ ಹಾಕಿದೆ. ಆಮೇಲೆ ಸಂಸಾರ ಆಯ್ತು, ಮಗಳಾದ್ಳು, ನಿಮ್ಮಣ್ಣನೂ ಮಾತಾಡೋಕೆ ಕಲಿತ್ರು. ಎಲ್ಲಾ ಒಳ್ಳೇದೇ ಆಯ್ತು. ಅವತ್ತು ನೀನು ಹೊಸ್ತಿಲ ಮೇಲೆ ಇಲ್ದಿದ್ರೆ ಇದ್ಯಾವುದೂ ಇಲ್ಲ. ಇದನ್ನ ನಾನೂ ಐವತ್ನಾಲ್ಕು ವರ್ಷದಿಂದ ಹೇಳಿರ್ಲಿಲ್ಲ ನೋಡು."

ಜೀವನವಿಡೀ ನಾನೇ ಅವರ ಋಣದಲ್ಲಿದ್ದೇನೆ ಎಂದುಕೊಂಡಿದ್ದೆ. ಕಣ್ಣಲ್ಲಿ ನೀರು ಬಂತು, ಈ ಸಲ ಕೋಳಿ ಹಿಕ್ಕೆಯ ತಪ್ಪೇನೂ ಇರಲಿಲ್ಲ.

ಅತ್ತಿಗೆ ಮೊಟ್ಟೆ ಪೆಟ್ಟಿಗೆಯ ಮುಚ್ಚಳವನ್ನು ಇನ್ನೊಮ್ಮೆ ಎತ್ತಿ ಇಳಿಸಿದರು. ಕಿರ್ರ್ ಎಂದಿತು.

"ಕೀಲು ಕಿರುಗುಟ್ಟುತ್ತೆ ಪುಟ್ಟ" ಎಂದರು. "ಎಣ್ಣೆ ಹಾಕು. ನಾಳೆ ಬೆಳಿಗ್ಗೆ ನಾನು ಬೇಗ ಎದ್ದು ಬರ್ತೀನಿ, ಅವು ಬೆಚ್ಚಿ ಬೀಳಬಾರದು."

ನನ್ನ ಕೆಲಸದಲ್ಲಿ ತಪ್ಪು ತೋರಿಸಿದವರನ್ನು ನಾನು ಸುಮ್ಮನೆ ಬಿಡುವವನಲ್ಲ. ಕಣ್ಣೊರೆಸಿಕೊಂಡು ಗೋಡೆ ಹತ್ತಿ ಎಣ್ಣೆ ತರಲು ಹೋದೆ.